ಅಪ್‌ಡೇಟ್: ನನ್ನ ಇಳಕಲ್ ಸೀರೆ ಪೇಜ್ ಈಗ ಹೇಗಿದೆ

ಇನ್‌ಸ್ಟಾಗ್ರಾಮ್‌ನಲ್ಲಿ ಇಳಕಲ್ ಸೀರೆ ಮಾರುತ್ತೇನೆ, ಫಾಲೋವರ್ಸ್ ಹೆಚ್ಚುತ್ತಿಲ್ಲ, ಏನು ಮಾಡಲಿ ಎಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳಬೇಡಿ ಅಂದಿರಿ. ಅಷ್ಟರಲ್ಲಿ ಕೊಂಡಾಗಿತ್ತು. ಒಬ್ಬರೂ ಬೆಲೆ ಕೇಳಲಿಲ್ಲ. ಎಲ್ಲರನ್ನೂ ತೆಗೆದುಹಾಕಿದೆ.

ಸುಮ್ನೆ ಸೀರೆ ಫೋಟೊ ಬೇಡ, ಮಗ್ಗದ ವಿಡಿಯೊ ಹಾಕಿ ಎಂದು ಒಬ್ಬ ಅಕ್ಕ ಹೇಳಿದ್ದರು. ಅದೇ ಕೈ ಹಿಡಿಯಿತು. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವುದನ್ನು ರೀಲ್ ಮಾಡಿದೆ. ಅಜ್ಜಿ ಉಡುತ್ತಿದ್ದ ಸೀರೆ ನೆನಪಾಯಿತು ಎಂದು ಎಷ್ಟೋ ಜನ ಬರೆದರು. ಈಗ ವಾರಕ್ಕೆ ನಾಲ್ಕೈದು ಆರ್ಡರ್ ಬರುತ್ತಿವೆ. ಪ್ರತಿ ಪೋಸ್ಟ್‌ನಲ್ಲೂ ನೇದವರ ಹೆಸರು ಹಾಕುತ್ತಿದ್ದೇನೆ. ಮೊದಲೇ ಹಾಕಬೇಕಿತ್ತು, ಅಲ್ವಾ?