ಪುಟ್ಟಿ, ಪೋರ್ಟ್ ವೈನ್ ಪಂದಿ ಕರಿಗೆ ಸುರಿಯುವ ಮೊದಲು ಇದನ್ನು ಕೇಳು

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಮೈದುನ ಲಿಸ್ಬನ್‌ನಿಂದ ತಂದ ಪೋರ್ಟ್ ವೈನನ್ನು ಕೈಲ್ ಪೊಳ್ದ್ ಹಬ್ಬದ ದಿನ ನಮ್ಮ ಕೊಡಗಿನ ಹಂದಿ ಮಾಂಸದ ಪಂದಿ ಕರಿಗೆ ಹಾಕು ಅನ್ನುತ್ತಿದ್ದಾನೆ, ಹಾಕಿದರೆ ಕೆಡುತ್ತದಾ, ಅದಕ್ಕೆ ಜೊತೆಗೆ ಏನು ಸೇರುತ್ತದೆ, ಮಕ್ಕಳು, ಅತ್ತೆ ಎಲ್ಲ ತಿನ್ನಬಹುದಾ ಅಂತ ಕೇಳಿದ್ದೀಯ. ಹೆದರಿಕೊಂಡು ಕೇಳಿದ್ದು ಒಳ್ಳೆಯದೇ ಆಯಿತು. ಹೆದರದೆ ಸುರಿದವರನ್ನು ನಾನು ನೋಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮುಗಿಸಿ ಕೂತು ಕೇಳು. ಗ್ರೂಪಿನ ಬೇರೆಯವರೂ ಕೇಳಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಪೋರ್ಟ್ ಸಿಹಿ ವೈನ್, ಅದರ ಜೊತೆ ಇನ್ನೊಂದು ಸಿಹಿ ಹಾಕಬೇಡ. ಮೊದಲೇ ಸುರಿದು ಗಂಟೆಗಟ್ಟಲೆ ಕುದಿಸಬೇಡ.

ಅಮ್ಮತ್ತಿ ಮನೆಯ ದೊಡ್ಡವನ ಮದುವೆ ನಿಮಗೆಲ್ಲ ನೆನಪಿದೆ ಅಲ್ವಾ? ಪುಟ್ಟಿ, ನೀನು ಆಗ ಚಿಕ್ಕವಳು. ಮದುವೆಯ ಹಿಂದಿನ ದಿನ, ಊರ್ ಕೂಡುವ ಊಟಕ್ಕೆ, ಪೇಟೆಯಿಂದ ಒಬ್ಬ ಅಡುಗೆಯವನನ್ನು ಕರೆಸಿದ್ದರು. ಮಸಾಲೆ ನಾನೇ ಹುರಿದು ಕೊಟ್ಟಿದ್ದೆ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಸಾಸಿವೆ, ಕಾಳುಮೆಣಸು, ಒಂದೊಂದನ್ನೂ ಬೇರೆ ಬೇರೆ ಹುರಿದದ್ದು. ಅವನು ಬರುವಾಗಲೇ ಸಿಹಿ ವೈನ್ ಬಾಟಲಿಗಳನ್ನು ತಂದಿದ್ದ. ಹೋಟೆಲಲ್ಲಿ ಹೀಗೆ ಮಾಡುತ್ತಾರೆ, ಮಾಂಸ ಮೆತ್ತಗೆ ಬರುತ್ತದೆ ಅಂದ. ಮಾಂಸಕ್ಕೆ ವೈನ್ ಸುರಿದ. ಅದರ ಮೇಲೆ ಬೆಲ್ಲ ಹಾಕಿದ. ಅದರ ಮೇಲೆ ಕಿತ್ತಳೆ ರಸ ಹಿಂಡಿದ. ನಾನು ಪಕ್ಕದಲ್ಲೇ ನಿಂತು ಹೇಳಿದೆ, ಬೆಲ್ಲ ಬೇಡಪ್ಪಾ, ವೈನೇ ಸಿಹಿ ಇದೆ ಅಂತ. ಅವನು ಕೇಳಲಿಲ್ಲ. ತೆಳ್ಳಗಿನ ಅಲ್ಯೂಮಿನಿಯಂ ಪಾತ್ರೆ, ಕೆಳಗೆ ಜೋರು ಸೌದೆ ಬೆಂಕಿ. ನೀರು ಬತ್ತಿತು, ಮಾಂಸ ಇನ್ನೂ ಬೆಂದಿರಲಿಲ್ಲ. ತಳದಲ್ಲಿ ಎಲ್ಲ ಸೇರಿ ಬೆಲ್ಲದ ಪಾಕದ ಹಾಗೆ ಕಚ್ಚಿಕೊಂಡಿತು. ಅದನ್ನು ಬಿಟ್ಟಿದ್ದರೂ ಮೇಲಿನದು ಉಳಿಯುತ್ತಿತ್ತು. ಅವನು ಸೌಟು ಹಾಕಿ ತಳ ಕೆರೆದು ಇಡೀ ಪಾತ್ರೆಗೆ ಬೆರೆಸಿಬಿಟ್ಟ! ಕಹಿ ಬಂತು. ಕಹಿ ಮುಚ್ಚಲು ಇನ್ನೊಂದು ಬಾಟಲಿ ಸುರಿದ. ಅದಕ್ಕೆ ಹಸಿ ಸಾರಾಯಿ ವಾಸನೆ ಬಂತು. ಆಮೇಲೆ ಅಳತೆ ಇಲ್ಲದೆ ಕಾಚಂಪುಳಿ, ನಮ್ಮ ಕಪ್ಪು ಗಟ್ಟಿ ಹುಳಿ.

ಪಂದಿ ಕರಿ ಹೇಗೂ ಕಪ್ಪಗೇ ಇರುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಮೂರ್ನಾಡು ಬಾವ ಮೊದಲ ತುತ್ತು ಬಾಯಿಗಿಟ್ಟು, ಜೊತೆಗಿದ್ದ ಅಕ್ಕಿ ಉಂಡೆ ಕಡುಂಬಿಟ್ಟು ಮಾತ್ರ ತಿಂದು ಎದ್ದರು. ಅಷ್ಟು ಮಾಂಸ, ಅಷ್ಟು ಜನ ಊರಿನವರು, ಅಂಥ ದಿನ.

ಯಾಕೆ ಹಾಗಾಯಿತು ಅಂತ ತಿಳಿದುಕೊಂಡರೆ ನೀನು ತಪ್ಪುವುದಿಲ್ಲ. ಪೋರ್ಟ್ ಅಂದರೆ ನಾವು ಮನೆಯಲ್ಲಿ ಭರಣಿಯಲ್ಲಿ ಹಾಕಿಡುವ ದ್ರಾಕ್ಷಿ ವೈನ್ ಅಲ್ಲ. ಪೋರ್ಚುಗಲ್‌ನ ಡೋರೊ ನದಿಯ ಕಣಿವೆಯಲ್ಲಿ ಮಾಡುವುದು. 1756ರಲ್ಲೇ ಆ ಜಾಗಕ್ಕೆ ಗಡಿ ಹಾಕಿದ್ದಾರೆ. ದ್ರಾಕ್ಷಿ ರಸ ಅರ್ಧ ಹುದುಗು ಬರುವಾಗಲೇ ಜೋರಾದ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಯೀಸ್ಟ್ ಅಲ್ಲಿಗೆ ಸಾಯುತ್ತದೆ, ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ. ಅದಕ್ಕೇ ಸಿಹಿಯೂ ಜಾಸ್ತಿ, ಅಮಲೂ ಜಾಸ್ತಿ. ಸಾಮಾನ್ಯವಾಗಿ ನೂರಕ್ಕೆ 19ರಿಂದ 22 ಪಾಲು ಆಲ್ಕೋಹಾಲ್ ಇರುತ್ತದೆ. ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ. ಅರ್ಧ ಕಪ್ ಹಾಕಿದೆ ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆ ಹಾಕಿದೆ ಅಂತಲೇ ಲೆಕ್ಕ. ಕುದಿಸಿದರೆ ನೀರು ಹೋಗುತ್ತದೆ, ಆಲ್ಕೋಹಾಲ್ ಬಹಳಷ್ಟು ಹೋಗುತ್ತದೆ, ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ. ಬತ್ತಿದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಬೇಗ ಕರಟುತ್ತದೆ.

ಹಾಗಾದರೆ ಅದಕ್ಕೆ ಏನು ಜೊತೆ? ಹುಳಿ, ಉಪ್ಪು, ಖಾರ, ಕೊಬ್ಬು. ಸ್ವಲ್ಪ ಕಹಿಯೂ ಆಗುತ್ತದೆ. ನಮ್ಮ ಅಪ್ಪ ಎಸ್ಟೇಟಲ್ಲಿ ಇದ್ದಾಗ ಬಂಗಲೆಯ ಬಟ್ಲರ್ ಹೇಳುತ್ತಿದ್ದರಂತೆ, ದೊರೆಗಳು ಪೋರ್ಟ್ ಕುಡಿಯುವಾಗ ಉಪ್ಪಾದ ಸ್ಟಿಲ್ಟನ್ ಚೀಸ್ ಕೇಳುತ್ತಾರೆ ಅಂತ. ಆ ಉಪ್ಪಿಗೆ ಈ ಸಿಹಿ ಸರಿಹೋಗುತ್ತದೆ. ನಮ್ಮಲ್ಲಿ ಚೀಸ್ ಬೇಕಾಗಿಲ್ಲ. ಕಾಚಂಪುಳಿ ಇದೆ, ಕಾಳುಮೆಣಸು ಇದೆ, ಹಂದಿಯ ಕೊಬ್ಬು ಇದೆ. ಇವು ಮೂರೂ ಪೋರ್ಟ್‌ಗೆ ಹೇಳಿ ಮಾಡಿಸಿದ್ದು. ಕಿತ್ತಳೆಯೂ ಸೇರುತ್ತದೆ, ಆದರೆ ರಸ ಅಲ್ಲ, ಸಿಪ್ಪೆ. ರಸದಲ್ಲಿ ಮತ್ತೆ ಸಿಹಿ. ಸಿಪ್ಪೆಯಲ್ಲಿ ಪರಿಮಳ ಮತ್ತು ಚೂರು ಕಹಿ. ಒಳಗಿನ ಬಿಳಿ ನಾರು ತೆಗೆದು ಎರಡು ತುಂಡು ಸಾಕು. ಕೊಡಗಿನ ಕಿತ್ತಳೆ ಸಿಕ್ಕಿದರೆ ಅದೇ ಹಾಕು. ಚಕ್ಕೆ, ಲವಂಗ ಒಂದೊಂದು ಆಗುತ್ತದೆ. ಏಲಕ್ಕಿ ನನಗೆ ಇಷ್ಟ ಇಲ್ಲ, ಪಾಯಸದ ಕಡೆ ಎಳೆಯುತ್ತದೆ. ಅಣಬೆಗೂ ಒಳ್ಳೆಯದು. ಇಟಲಿಯವರು ಕೋಳಿ, ಅಣಬೆ ಜೊತೆ ಮಾರ್ಸಾಲಾ ವೈನ್ ಹಾಕುತ್ತಾರೆ. ಅದು ಸಿಸಿಲಿ ದ್ವೀಪದ್ದು, ಅದಕ್ಕೂ ಹೀಗೇ ಸಾರಾಯಿ ಸೇರಿಸಿರುತ್ತಾರೆ. ಮಳೆಗಾಲದ ಅಣಬೆ ಇನ್ನೂ ಸಿಗುತ್ತಿದ್ದರೆ ಬೆಣ್ಣೆಯಲ್ಲಿ ಹುರಿದು ಎರಡು ಚಮಚ ಪೋರ್ಟ್ ಹಾಕಿ ನೋಡು. ತಿಂದ ಮೇಲೆ ನನಗೆ ಫೋನ್ ಮಾಡು.

ಮತ್ತೆ ಹೇಳುತ್ತೇನೆ ಪುಟ್ಟಿ. ಸಿಹಿ ವೈನ್ ಜೊತೆ ಬೆಲ್ಲ ಬೇಡ, ಸಕ್ಕರೆ ಬೇಡ, ಜೇನು ಬೇಡ. ಮೊದಲೇ ಸುರಿದು ಕುದಿಸಬೇಡ. ಆ ಅಡುಗೆಯವನು ಮಾಡಿದ್ದು ಇದೇ ಎರಡು ಕೆಲಸ.

ಮಾಡಿದವನು ಅವನು, ಮಾತು ಬಂದದ್ದು ನನಗೆ. ಗೋಣಿಕೊಪ್ಪದ ನಾದಿನಿ ಅವತ್ತೇ ಪಂಕ್ತಿಯಲ್ಲಿ ಹೇಳಿದಳು, ಅಕ್ಕ ಮಸಾಲೆ ಕರಟಿಸಿದ್ದಾರೆ ಅಂತ. ಎಲ್ಲರೂ ನಂಬಿದರು. ವೈನ್ ವಿಷಯ ಯಾರೂ ಕೇಳಲಿಲ್ಲ. ಅಡುಗೆಯವನು ಪೂರ್ತಿ ಹಣ ಎಣಿಸಿಕೊಂಡು ಹೋದ. ನಮ್ಮ ಮನೆಯವರೂ ಅವತ್ತು ಒಂದು ಮಾತು ಆಡಲಿಲ್ಲ, ಮದುವೆ ಮನೆಯಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದರು. ಈಗಲೂ ಯಾವುದಾದರೂ ಮನೆಯಲ್ಲಿ ಪಂದಿ ಕರಿ ಮಾಡುವಾಗ, ಮಸಾಲೆ ನೋಡಿ ಹುರಿಯಿರಿ, ಅಮ್ಮತ್ತಿ ಮದುವೆ ಹಾಗೆ ಆಗಬಾರದು ಅನ್ನುತ್ತಾರೆ. ಈ ಗ್ರೂಪಿನಲ್ಲೇ ಹೋದ ಪುತ್ತರಿ ಹಬ್ಬಕ್ಕೆ ಒಬ್ಬರು ಬರೆದಿದ್ದರು. ನಾನು ಓದಿದೆ. ಏನೂ ಬರೆಯಲಿಲ್ಲ. ಇವತ್ತು ಹೇಳುತ್ತಿದ್ದೇನೆ. ನಮ್ಮ ಅವ್ವ ಕಲಿಸಿದ ಹಾಗೆ ಸಣ್ಣ ಉರಿಯಲ್ಲಿ ಹುರಿದ ಮಸಾಲೆ ಅದು. ಕಪ್ಪಾಗುವುದು ಬೇರೆ, ಕರಟುವುದು ಬೇರೆ. ಅವತ್ತು ಉಳಿದ ಮಸಾಲೆಯಲ್ಲೇ ಮರುದಿನ ನಾನು ಕೋಳಿ ಮಾಡಿದೆ, ಎಲ್ಲರೂ ಎರಡು ಸಲ ಹಾಕಿಸಿಕೊಂಡರು. ಅದು ಮಾತ್ರ ಯಾರಿಗೂ ನೆನಪಿಲ್ಲ. ನಾದಿನಿ ಇದನ್ನು ಕೇಳುತ್ತಿದ್ದರೆ ಕೇಳಲಿ. ನನಗೆ ಅವಳ ಮೇಲೆ ಸಿಟ್ಟಿಲ್ಲ, ನೋವಿದೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರ ಹೇಳಲೇ ಇಲ್ಲ. ಮಕ್ಕಳು, ಅತ್ತೆ ತಿನ್ನಬಹುದಾ ಅಂತ ಅಲ್ವಾ? ಬೇಡ. ಕುದಿಸಿದರೆ ಆಲ್ಕೋಹಾಲ್ ಎಲ್ಲ ಹೋಗುತ್ತದೆ ಅನ್ನುವುದು ಸರಿಯಲ್ಲ. ಮೈಸೂರಿನ ಮಗಳು ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೊಂದನ್ನು ತೋರಿಸಿದಳು. ಅಡುಗೆಗೆ ಬೆರೆಸಿ 15 ನಿಮಿಷ ಕುದಿಸಿದರೆ ನೂರಕ್ಕೆ 40 ಪಾಲು ಉಳಿದಿರುತ್ತದೆ. ಒಂದು ಗಂಟೆ ಕುದಿಸಿದರೂ 25. ಎರಡೂವರೆ ಗಂಟೆ ಆದ ಮೇಲೂ 5 ಉಳಿಯುತ್ತದೆ. ಅತ್ತೆ ಮಾತ್ರೆ ತೆಗೆದುಕೊಳ್ಳುವವರು, ಅವರಿಗೆ ಹಾಕಲೇಬೇಡ.

ಹಾಗಾಗಿ ಪಂದಿ ಕರಿಯನ್ನು ಮುಟ್ಟಬೇಡ. ಅದು ಯಾವಾಗಲೂ ಮಾಡುವ ಹಾಗೇ ಆಗಲಿ, ಮಕ್ಕಳು, ಅತ್ತೆ ಎಲ್ಲರೂ ತಿನ್ನಲಿ. ಮೈದುನನ ಆಸೆಗೆ ಹಂದಿಯ ಲಿವರ್ ಅರ್ಧ ಕೆ.ಜಿ. ಬೇರೆ ಮಾಡು. ತೆಳ್ಳಗೆ ಹೆಚ್ಚಿ, ಸಣ್ಣ ಈರುಳ್ಳಿ, ಶುಂಠಿ, ಉಪ್ಪು, ಜಜ್ಜಿದ ಕಾಳುಮೆಣಸು ಹಾಕಿ ಹುರಿ. ಒಳಗೆ ಹಸಿ ಇರಬಾರದು, ಪೂರ್ತಿ ಬೇಯಲಿ. ಬೆಂದದ್ದನ್ನು ತಟ್ಟೆಗೆ ತೆಗೆ. ಈಗ ಒಲೆ ಆರಿಸು. ಪೋರ್ಟನ್ನು ಮೊದಲು ಕಪ್ಪಿಗೆ ಅಳೆದುಕೋ, ಕಾಲು ಕಪ್ ಸಾಕು. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯಬೇಡ, ಬಿಸಿಗೆ ಅದು ಹೊತ್ತಿಕೊಳ್ಳಬಹುದು. ಹಾಕಿದ ಮೇಲೆ ಸಣ್ಣ ಉರಿ ಮಾಡು, ಎರಡು ತುಂಡು ಕಿತ್ತಳೆ ಸಿಪ್ಪೆ ಹಾಕು, ಅರ್ಧಕ್ಕೆ ಬತ್ತಿಸು. ನಿಂತು ನೋಡುತ್ತಿರು, ಫೋನ್ ಬಂದರೂ ಹೋಗಬೇಡ. ಬತ್ತಿದ ಮೇಲೆ ಕಾಚಂಪುಳಿ ಅರ್ಧ ಟೀ ಚಮಚ. ಅಂಗಡಿಯದ್ದಾದರೆ ನಾಲಿಗೆಗೆ ಹಚ್ಚಿ ನೋಡಿ ಹಾಕು, ಕೆಲವು ನೀರಾಗಿರುತ್ತದೆ. ಕೊನೆಗೆ ಒಂದು ಚಮಚ ಬೆಣ್ಣೆ ಹಾಕಿ, ಲಿವರ್ ಮತ್ತೆ ಸೇರಿಸಿ ಒಂದು ಸಲ ಮಗುಚಿ ಇಳಿಸು. ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ ಜೊತೆ ಚೆನ್ನಾಗಿರುತ್ತದೆ. ಬಾಣಲೆ ಅಲ್ಯೂಮಿನಿಯಂ ಬೇಡ, ಬರೀ ಕಬ್ಬಿಣವೂ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತದೆ. ಸ್ಟೀಲ್ ಆಗುತ್ತದೆ.

ಉಳಿದ ವೈನನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿ ಇಡು. ಸಾರಾಯಿ ಸೇರಿದ್ದರಿಂದ ಬೇರೆ ವೈನಿಗಿಂತ ಜಾಸ್ತಿ ದಿನ ಇರುತ್ತದೆ. ಒಂದು ಕೆಲಸ ಮಾಡು, ಬಾಟಲಿಯ ಲೇಬಲ್ ಫೋಟೋ ತೆಗೆದು ಇಲ್ಲಿ ಹಾಕು. ರೂಬಿ ಅಂತ ಇದ್ದರೆ ಈಗ ಹೇಳಿದ ಹಾಗೇ ಮಾಡು. ಟಾನಿ ಅಂತ ಇದ್ದರೆ ಅದು ಮರದ ಪೀಪಾಯಿಯಲ್ಲಿ ಹಳೆಯದಾದದ್ದು, ಬಾದಾಮಿ, ಅಕ್ರೋಟ್ ಕಡೆಯ ರುಚಿ. ಅದರಲ್ಲೂ 20 ವರ್ಷದ್ದು ಅಂತ ಬರೆದಿದ್ದರೆ ಬಾಣಲೆಗೆ ಹಾಕಬೇಡ, ಊಟ ಆದ ಮೇಲೆ ದೊಡ್ಡವರು ಸ್ವಲ್ಪ ಸ್ವಲ್ಪ ಕುಡಿಯಲಿ.