ಶಿವಮೊಗ್ಗದಿಂದ ಆಗುಂಬೆಗೆ ಸೈಕಲ್: ಹೊಸಬರನ್ನ ಕಟ್ಟಿಕೊಂಡು ಮೊದಲ ದಿನ ದಾಟೋದು ಹೇಗೆ?

ಕೇಳಿದವರು, ಶಿವಮೊಗ್ಗ

ನಾವು ಏಳು ಜನ ಸ್ನೇಹಿತರು. ಹಳ್ಳಿ ಶಾಲೆ ಮಕ್ಕಳ ಕಣ್ಣು ತಪಾಸಣೆಗೆ, ಕನ್ನಡಕಕ್ಕೆ ಹಣ ಸೇರಿಸೋಣ ಅಂತ ಡಿಸೆಂಬರ್ ಕೊನೆಯಲ್ಲಿ ಸೈಕಲ್ ಹತ್ತುತ್ತಿದ್ದೇವೆ. ಮೊದಲ ದಿನ ತೀರ್ಥಹಳ್ಳಿ ಮೇಲೆ ಆಗುಂಬೆ. ಮರುದಿನ ಘಾಟಿ ಇಳಿದು ಉಡುಪಿ. ಆಮೇಲೆ ಕುಂದಾಪುರ, ಹುಲಿಕಲ್ ಘಾಟಿ, ಹೊಸನಗರದ ಮೇಲೆ ವಾಪಸ್. ನಮ್ಮಲ್ಲಿ ಇಬ್ಬರು ಒಂದೇ ದಿನಕ್ಕೆ 40 ಕಿ.ಮೀ. ದಾಟಿದವರಲ್ಲ. ಒಬ್ಬನದು ಗೇರ್ ಇಲ್ಲದ ಸೈಕಲ್. ದಾನಿಗಳು ತಲೆಗೆ, ಕಿಲೋಮೀಟರಿಗೆ ಇಷ್ಟು ಅಂತ ಕೊಡೋಕೆ ಒಪ್ಪಿದ್ದಾರೆ. ಮೊದಲ ದಿನವೇ ಯಾರಾದರೂ ಕೂತುಬಿಟ್ಟರೆ ಏನು ಕಥೆ ಅಂತ ಭಯ. ಎಷ್ಟೊತ್ತಿಗೆ ಹೊರಡಬೇಕು, ಎಲ್ಲಿ ತಿನ್ನಬೇಕು, ಹಿಂದೆ ಗಾಡಿ ಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿಯವರು

ಮೊದಲು ಆ ತಲೆಲೆಕ್ಕ ಬಿಡಿಸಿ ಮಾರಾಯ್ರೆ. ಒಬ್ಬೊಬ್ಬ ತುಳಿದ ದೂರಕ್ಕೆ ದುಡ್ಡು ಅಂತಾದರೆ ಮಂಡಿ ನೋಯುವವನು ಬಾಯಿ ಬಿಡುವುದಿಲ್ಲ. ನನ್ನಿಂದ ಮಕ್ಕಳಿಗೆ ಕಮ್ಮಿ ಆಯ್ತಲ್ಲ ಅಂತ ಹಲ್ಲು ಕಚ್ಚಿ ತುಳಿಯುತ್ತಾನೆ. ಮರುದಿನ ಮಂಡಿ ಊದಿಸಿಕೊಂಡು ಬಸ್ಸು ಹತ್ತುತ್ತಾನೆ. ಇದನ್ನ ಕಣ್ಣಾರೆ ನೋಡಿದ್ದೇನೆ. ಗುಂಪು ಊರು ಮುಟ್ಟಿದರೆ ಒಟ್ಟಿಗೆ ಇಷ್ಟು ಕೊಡಿ ಅಂತ ದಾನಿಗಳಿಗೆ ಈಗಲೇ ಹೇಳಿ. ಹೆಚ್ಚಿನವರು ಒಪ್ಪುತ್ತಾರೆ. ಅವರಿಗೆ ಬೇಕಿರೋದು ಎರಡು ಫೋಟೊ, ಸರಿಯಾದ ಲೆಕ್ಕ. ಯಾರ ಕಾಲು ಎಷ್ಟು ತಿರುಗಿತು ಅಂತ ಯಾರೂ ಕೇಳುವುದಿಲ್ಲ.

ಇನ್ನು ದಾರಿ. ಶಿವಮೊಗ್ಗದಿಂದ ನಮ್ಮೂರಿಗೆ ಸುಮಾರು 60 ಕಿ.ಮೀ. ಇಲ್ಲಿಂದ ಆಗುಂಬೆಗೆ 30 ಚಿಲ್ಲರೆ. ಹೊಸಬರು ಇದ್ದರೆ ಗಂಟೆಗೆ 15 ಕಿ.ಮೀ. ಅಂತ ಹಿಡಿಯಿರಿ. ಬರೀ ತುಳಿಯೋಕೇ ಆರು, ಆರೂವರೆ ಗಂಟೆ ಆಯ್ತು. ತಿಂಡಿ, ಊಟ, ಪಂಕ್ಚರ್, ಫೋಟೊ ಸೇರಿ ಇನ್ನೊಂದು ಮೂರು ಗಂಟೆ. ಡಿಸೆಂಬರಿನಲ್ಲಿ ಸಂಜೆ ಆರೂಕಾಲಿಗೆಲ್ಲ ಕತ್ತಲು ಕಟ್ಟೋಕೆ ಶುರು. ಹಾಗಾಗಿ ಬೆಳಗ್ಗೆ ಆರಕ್ಕೆ ಊರು ಬಿಡಿ. ಐದಕ್ಕೆ ಸೇರೋಣ ಅಂದರೆ ಆರಕ್ಕೆ ಹೊರಡುತ್ತೀರಿ, ನಮ್ಮ ಜನ ಗೊತ್ತಲ್ಲ.

ಗಾಜನೂರು, ಸಕ್ರೆಬೈಲು ತನಕ ಯಾರಿಗೂ ಏನೂ ಅನಿಸುವುದಿಲ್ಲ. ಅಪಾಯ ಇರೋದೇ ಅಲ್ಲಿ. ಚಳಿ ಇರುತ್ತದೆ, ಹುಮ್ಮಸ್ಸಿರುತ್ತದೆ. ಗಟ್ಟಿ ಕಾಲಿನವರು 25ರ ವೇಗದಲ್ಲಿ ಹಾರುತ್ತಾರೆ. ಹೊಸಬರು ಅವರ ಬೆನ್ನು ಹಿಡಿಯಲು ಹೋಗಿ ಮಂಡಗದ್ದೆ ಹೊತ್ತಿಗೇ ಖಾಲಿ. ಅದಕ್ಕೆ ಗೇರ್ ಇಲ್ಲದವನನ್ನ ಎಲ್ಲರಿಗಿಂತ ಮುಂದೆ ಬಿಡಿ. ಅವನ ವೇಗವೇ ಗುಂಪಿನ ವೇಗ. ನಿಮ್ಮಲ್ಲಿ ಅತಿ ಗಟ್ಟಿಗ ಯಾರೋ ಅವನು ಕೊನೆಗೆ. ಪಂಪು, ಟ್ಯೂಬು ಅವನ ಬೆನ್ನಿಗೆ. ಗಟ್ಟಿಗರಿಗೆ ಇದು ಬೇಜಾರಿನ ಕೆಲಸ, ಹುಲಿಕಲ್ ಹತ್ತೋ ದಿನ ಅವರು ಬೇಕಾದಷ್ಟು ಪೌರುಷ ತೋರಿಸಲಿ.

ಸಕ್ರೆಬೈಲಿನಲ್ಲಿ ಆನೆ ನೋಡಲು ಒಳಗೆ ಹೋದರೆ ಒಂದು ಗಂಟೆ ಹೋಯ್ತು ಅಂತ ತಿಳಿಯಿರಿ. ನಾನಾದರೆ ಆ ದಿನ ಬಿಡುತ್ತೇನೆ. ನಿಮ್ಮೂರಿನ ಪಕ್ಕದಲ್ಲೇ ಇದೆ, ಯಾವ ಭಾನುವಾರ ಬೇಕಾದರೂ ಹೋಗಬಹುದು. ಮಂಡಗದ್ದೆಯಲ್ಲಿ ಹಕ್ಕಿಗಳ ಗಲಾಟೆ ಇರೋದು ಮಳೆಗಾಲದಲ್ಲಿ. ಅಲ್ಲಿ ಚಹಾ ಕುಡಿದು, ಬಾಳೆಹಣ್ಣು ತಿಂದು ಎದ್ದುಬಿಡಿ.

ಎತ್ತರದ ಲೆಕ್ಕದಲ್ಲಿ ಶಿವಮೊಗ್ಗಕ್ಕೂ ಆಗುಂಬೆಗೂ ತುಂಬಾ ವ್ಯತ್ಯಾಸ ಇಲ್ಲ. ಆದರೆ ಮಲೆನಾಡಿನ ರಸ್ತೆ ಸುಮ್ನೆ ಇರುವುದಿಲ್ಲ, ಒಂದು ದಿಬ್ಬ ಏರಿಸಿ ಅಷ್ಟೇ ಇಳಿಸುತ್ತದೆ. ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಕಡೆ ಹೋಗುವಾಗ ಇದು ಜಾಸ್ತಿ ಗೊತ್ತಾಗುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿಯಬೇಡಿ ಅಂತ ಹೊಸಬರಿಗೆ ಹೇಳಿ. ಆಗದಿದ್ದರೆ ಇಳಿದು ತಳ್ಳಲಿ. ನಡೆದರೆ ಕಾಲಿಗೂ ಒಳ್ಳೆಯದು.

ಸಾಗರದವರು

ಗಾಡಿ ಬೇಕೇ ಬೇಕು. ನಮ್ಮ ಸಾಗರದ ರಸ್ತೆ ಆಗಿದ್ದರೆ ಬೇಡ ಅನ್ನುತ್ತಿದ್ದೆ. ಇಲ್ಲಿ ತಾಳಗುಪ್ಪದ ತನಕ ರೈಲಿದೆ, ಸೋತವನು ಆನಂದಪುರದಲ್ಲೋ ಸಾಗರದಲ್ಲೋ ರೈಲು ಹತ್ತಿ ಮನೆಗೆ ಹೋಗಬಹುದು. ತೀರ್ಥಹಳ್ಳಿ ಕಡೆ ರೈಲಿಲ್ಲ. ಬಸ್ಸಿನವರು ಟಾಪಿನ ಮೇಲೆ ಸೈಕಲ್ ಹಾಕಿಕೊಳ್ಳೋದು ಅವರವರ ಮನಸ್ಸು. ತೀರ್ಥಹಳ್ಳಿಯಿಂದ ಆಚೆ ಕೆಲವು ಕಡೆ ಮೊಬೈಲ್ ಕೂಡ ಸಿಗುವುದಿಲ್ಲ.

ಗಾಡಿ ಅಂದರೆ ದೊಡ್ಡದೇನೂ ಬೇಡ. ಯಾರದಾದರೂ ಓಮ್ನಿಯೋ ಪಿಕಪ್ಪೋ ಸಾಕು. ಆದರೆ ಅದು ಹಾರ್ನ್ ಹಾಕಿಕೊಂಡು ನಿಮ್ಮ ಬೆನ್ನ ಹಿಂದೆಯೇ ಬರೋದು ಬೇಡ. ಕಿರಿದಾದ ರಸ್ತೆ, ಹಿಂದಿನವರು ಓವರ್‌ಟೇಕ್ ಮಾಡಲಾಗದೆ ಸಿಟ್ಟಾಗುತ್ತಾರೆ. 15 ಕಿ.ಮೀ. ಮುಂದೆ ಹೋಗಿ ಒಂದು ಬಸ್ ಸ್ಟಾಪಿನ ಹತ್ತಿರ ನಿಂತು ಕಾಯಲಿ. ಕೊನೆಯವನು ಬಂದ ಮೇಲೆ ಮತ್ತೆ ಮುಂದೆ. ಫೋನ್ ಸಿಗದಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ಇನ್ನೊಂದು. ಗಾಡಿ ಹತ್ತಿದವನನ್ನ ಆ ದಿನ ರೇಗಿಸಬೇಡಿ. ಒಂದು ತಮಾಷೆ ಸಾಕು, ಮುಂದಿನ ಸಲ ಅವನು ತಲೆ ಸುತ್ತಿದರೂ ಹೇಳುವುದಿಲ್ಲ.

ಶಿವಮೊಗ್ಗದ ಅಕ್ಕ ಒಬ್ಬರು

ಆರಕ್ಕೆ ಹೊರಡಿ ಅಂದಿದ್ದಾರೆ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಡಿಸೆಂಬರ್ ಕೊನೆಯಲ್ಲಿ ಏಳರ ಹತ್ತಿರ ಬೆಳಕಾಗುತ್ತದೆ. ತುಂಗೆ ಪಕ್ಕದ ರಸ್ತೆಯಲ್ಲಿ ಎಂಟರ ತನಕ ಮಂಜು ಕೂತಿರುತ್ತದೆ. ಆರಕ್ಕೇ ಹೊರಡೋದಾದರೆ ಪ್ರತಿ ಸೈಕಲ್‌ಗೂ ಹಿಂದೆ ಕೆಂಪು ಮಿಣುಕು ದೀಪ, ಮುಂದೆ ಬಿಳಿ ದೀಪ, ಮೈಮೇಲೆ ಹೊಳೆಯುವ ಜಾಕೆಟ್ ಇರಲೇಬೇಕು. ಇಲ್ಲದಿದ್ದರೆ ಆರೂಮುಕ್ಕಾಲು ಮಾಡಿ, ಮಧ್ಯಾಹ್ನದ ಊಟದ ಹೊತ್ತು ಕಡಿಮೆ ಮಾಡಿ.

ಊಟದ ವಿಷಯಕ್ಕೇ ಬರುತ್ತೇನೆ. ತೀರ್ಥಹಳ್ಳಿಗೆ ಹನ್ನೆರಡರ ಹೊತ್ತಿಗೆ ಮುಟ್ಟುತ್ತೀರಿ, ಹಸಿವು ಕುಣಿಯುತ್ತಿರುತ್ತದೆ. ಅಲ್ಲಿ ಹೊಟ್ಟೆ ಬಿರಿಯೆ ಉಂಡರೆ ಮೇಗರವಳ್ಳಿಯ ಏರು ನಿಮ್ಮನ್ನ ನೋಡಿಕೊಳ್ಳುತ್ತದೆ. ಅರ್ಧ ಊಟ ಸಾಕು. ಅನ್ನ, ತಿಳಿಸಾರು, ಮಜ್ಜಿಗೆ. ಬದಲಿಗೆ ಹೊರಟಾಗಿನಿಂದ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿ. ಶೇಂಗಾ ಚಿಕ್ಕಿ, ಬಾಳೆಹಣ್ಣು, ಬೆಲ್ಲ ಕಲಸಿದ ಅವಲಕ್ಕಿ. ಹಸಿವಾದ ಮೇಲೆ ತಿನ್ನೋಣ ಅಂದರೆ ತಡ ಆಯ್ತು ಅಂತಲೇ ಲೆಕ್ಕ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಗಂಟೆಗೆ ಅರ್ಧ ಲೀಟರಾದರೂ ಕುಡಿಯಿರಿ. ಬಿಸಿಲೇರಿದ ಮೇಲೆ ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಅಂದಾಜಿಗೆ ಬೇಡ.

ಸೀಟಿನ ಉರಿ ಬಗ್ಗೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಪ್ಯಾಡ್ ಇರುವ ಸೈಕಲ್ ಚಡ್ಡಿ ತಗೊಳ್ಳಿ. ಅದರೊಳಗೆ ಒಳಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ. ಗುಂಪಿನಲ್ಲಿ ಹೆಣ್ಣುಮಕ್ಕಳು ಇದ್ದರೆ ಶಿವಮೊಗ್ಗ ಬಿಟ್ಟ ಮೇಲೆ ಎಲ್ಲೆಲ್ಲಿ ಶೌಚಾಲಯ ಇದೆ ಅಂತ ಗಾಡಿಯವರು ಮೊದಲೇ ಒಂದು ಸಲ ಹೋಗಿ ನೋಡಿ ಬರಲಿ. ಪೆಟ್ರೋಲ್ ಬಂಕ್, ಹೋಟೆಲ್ ಯಾವುದಾದರೂ ಸರಿ. ಇದಕ್ಕೆ ಹೆದರಿ ನೀರು ಕುಡಿಯದೆ ಒದ್ದಾಡುವವರು ಜಾಸ್ತಿ.

ಸೈಕಲ್ ಶಾಪಿನವರು

ಗೇರ್ ಸೈಕಲ್‌ಗಳ ಟ್ಯೂಬಿಗೆ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇದೆಯಾ ನೋಡಿಕೊಳ್ಳಿ. ಇದ್ದರೆ ಸಣ್ಣ ಊರಿನ ಅಂಗಡಿ ಪಂಪು ಅದಕ್ಕೆ ಕೂರುವುದಿಲ್ಲ, ಆ ಟ್ಯೂಬೂ ಸಿಗೋದು ಕಷ್ಟ. ಅಂಥ ಸೈಕಲ್ ಒಂದಕ್ಕೆ ಎರಡು ಟ್ಯೂಬ್ ಜೊತೆಗಿರಲಿ. ಚೈನಿಗೆ ಎಣ್ಣೆ ಹಿಂದಿನ ದಿನವೇ ಹಾಕಿ, ಮೇಲಿನದನ್ನ ಬಟ್ಟೆಯಲ್ಲಿ ಒರೆಸಿ.

ಬ್ರೇಕ್ ರಬ್ಬರ್ ಮಾತ್ರ ಹೊಸದು ಹಾಕಿಸಿಕೊಂಡೇ ಹೊರಡಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಬ್ರೇಕನ್ನ ಒಂದೇ ಸಮನೆ ಒತ್ತಿ ಹಿಡಿದು ಇಳಿದರೆ ರಿಮ್ ಕಾಯುತ್ತದೆ, ರಬ್ಬರ್ ಹಿಡಿತ ಬಿಡುತ್ತದೆ. ಒತ್ತಿ, ಬಿಡಿ, ಮತ್ತೆ ಒತ್ತಿ. ತಿರುವಿಗೆ ಮೊದಲೇ ವೇಗ ಇಳಿಸಿ. ಎರಡೆರಡು ತಿರುವಿಗೊಮ್ಮೆ ರಸ್ತೆ ಅಂಚಿನಲ್ಲಿ ಜಾಗ ಇದ್ದ ಕಡೆ ನಿಲ್ಲಿ. ಮಂಗಗಳಿವೆ, ತಿಂಡಿ ಚೀಲ ಹೊರಗೆ ತೆಗೆಯಬೇಡಿ. ಗೇರ್ ಇಲ್ಲದ ಸೈಕಲ್ ಘಾಟಿಯಲ್ಲಿ ಗಾಡಿಯೊಳಗೆ ಬರಲಿ ಅನ್ನೋದು ನನ್ನ ಅಭಿಪ್ರಾಯ. ತುಳಿಯೋಕೆ ಅದು ಗಟ್ಟಿಯೇ, ಆದರೆ ಹಳೇ ರಾಡ್ ಬ್ರೇಕಿನ ಮೇಲೆ ಅಷ್ಟು ಇಳಿಜಾರು ಬೇಡ.

ಮೊದಲ ದಿನ ಬೇಗ ಮುಟ್ಟಿದೆವು, ಇವತ್ತೇ ಘಾಟಿ ಇಳಿದು ಹೆಬ್ರಿಯಲ್ಲಿ ಮಲಗೋಣ ಅಂತ ಒಬ್ಬ ಖಂಡಿತ ಹೇಳುತ್ತಾನೆ. ಕೇಳಬೇಡಿ. ಸುಸ್ತಾದ ಕೈ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಘಾಟಿ ಶುರುವಾಗುವ ಕಡೆ ಸೂರ್ಯಾಸ್ತ ನೋಡಿ, ಊರಿಗೆ ವಾಪಸ್ ಬಂದು ಒಣ ಬಟ್ಟೆ ಹಾಕಿಕೊಂಡು ಮಲಗಿ.

ಲೆಕ್ಕ ನೋಡುವವರು, ಭದ್ರಾವತಿ

ಹಣದ್ದು ಚಿಕ್ಕದಾಗಿ. ದಾನದ ದುಡ್ಡಿಗೆ ಬೇರೆ ಖಾತೆ, ನಿಮ್ಮ ಊಟ, ರೂಮು, ಡೀಸೆಲ್‌ಗೆ ನಿಮ್ಮದೇ ದುಡ್ಡು. ಎರಡು ಸೇರಿದರೆ ಮಾತು ಬರುತ್ತದೆ. ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಯಾರಿಗೂ ಬಾಯಿಮಾತಿನಲ್ಲಿ ಹೇಳಬೇಡಿ. 80ಜಿ ಅನುಮತಿ ಇರುವ ಟ್ರಸ್ಟಿಗೇ ಹಣ ಹೋದರೆ ಮಾತ್ರ ಅದು ಸಿಗುತ್ತದೆ. 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಹೇಗೂ ಇಲ್ಲ. ಯಾವ ಶಾಲೆಗಳು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೊದಲೇ ಮಾತಾಡಿ. ಪರೀಕ್ಷೆ ಹತ್ತಿರ ಬಂದ ಮೇಲೆ ತಪಾಸಣೆಗೆ ದಿನ ಕೊಡೋದು ಅವರಿಗೂ ಕಷ್ಟ.

ಕೇಳಿದವರು

ಎಲ್ಲರಿಗೂ ಧನ್ಯವಾದ. ತಲೆಲೆಕ್ಕ ಬಿಟ್ಟು ಗುಂಪಿನ ಲೆಕ್ಕ ಮಾಡಿ ಅಂತ ಇಬ್ಬರು ದಾನಿಗಳಿಗೆ ಫೋನ್ ಮಾಡಿದೆ, ಒಪ್ಪಿದರು. ಗೇರ್ ಇಲ್ಲದವನಿಗೆ ಮುಂದೆ ಹೋಗು ಅಂದಿದ್ದಕ್ಕೆ ಈಗಲೇ ಮೀಸೆ ತಿರುವುತ್ತಿದ್ದಾನೆ. ಅಕ್ಕ ಹೇಳಿದ ಹಾಗೆ ಆರೂಮುಕ್ಕಾಲಿಗೆ ಹೊರಡುತ್ತೇವೆ.

ತೀರ್ಥಹಳ್ಳಿಯವರು

ಸರಿ, ಅಕ್ಕನೇ ಗೆದ್ದರು. ಆದರೆ ಎಳ್ಳಮಾವಾಸ್ಯೆ ಯಾವತ್ತು ಅಂತ ಪಂಚಾಂಗ ನೋಡಿದಿರಾ? ಡಿಸೆಂಬರ್ ಕೊನೆ, ಜನವರಿ ಅಂದರೆ ನಮ್ಮೂರ ಜಾತ್ರೆಯ ಕಾಲ. ಆ ದಿನಗಳಿಗೆ ಬಿದ್ದರೆ ಪೇಟೆಯಲ್ಲಿ ಸೈಕಲ್ ತಳ್ಳೋಕೂ ಜಾಗ ಸಿಗಲ್ಲ. ತೆಪ್ಪೋತ್ಸವದ ದಿನವಂತೂ ಕೇಳಲೇ ಬೇಡಿ. ಅಡಿಕೆ ಗೊನೆ ಕೊಯ್ಲಿನ ಸಮಯ ಬೇರೆ, ಅಡಿಕೆ ಹೊತ್ತ ಪಿಕಪ್ಪುಗಳು ಒಳರಸ್ತೆಯಿಂದ ದಿಢೀರ್ ಅಂತ ಬರುತ್ತವೆ. ದಿನ ಗಟ್ಟಿ ಮಾಡಿಕೊಂಡು ಆಗುಂಬೆಯಲ್ಲಿ ರೂಮು ಈಗಲೇ ಹೇಳಿಡಿ. ವರ್ಷದ ಕೊನೆಗೆ ಅಲ್ಲಿ ಬೆಂಗಳೂರಿನವರೇ ತುಂಬಿರುತ್ತಾರೆ.