ಪದಚರ್ಚೆ: 'ಆಶ್ರಯಕೋರ' ಎಂದರೆ ಲಂಚಕೋರನ ತಮ್ಮನಂತೆ ಕೇಳಿಸುವುದಿಲ್ಲವೇ?

ಬಲ್ಲವರಿಗೆಲ್ಲ ಶರಣು.

ದಾವಣಗೆರೆಯ ನಾಲ್ಕೈದು ಕಾನೂನು ವಿದ್ಯಾರ್ಥಿಗಳು ಸೇರಿ ಪರದೇಶದಲ್ಲಿ ಆಶ್ರಯ ಕೇಳುವ ಹಕ್ಕಿನ ಬಗ್ಗೆ ಒಂದು ಕಿರುಹೊತ್ತಗೆ ಬರೆದಿದ್ದಾರೆ. ಕನ್ನಡ ತಿದ್ದಿಕೊಡಿ ಎಂದು ನನ್ನ ಬಳಿ ತಂದರು. ಒಂದು ಸಂಜೆಯ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಮೂರು ವಾರವಾಯಿತು, ಇನ್ನೂ ಮೊದಲ ಪುಟ ದಾಟಿಲ್ಲ.

ತೊಡಕು ಶುರುವಾದದ್ದು 'ಅಸೈಲಮ್ ಸೀಕರ್' ಎಂಬುದಕ್ಕೆ ಅವರು ಕಟ್ಟಿದ 'ಆಶ್ರಯಕೋರ' ಎಂಬ ಪದದಿಂದ. ಅವರ ಮನಸ್ಸಿನಲ್ಲಿದ್ದದ್ದು ನಮ್ಮ 'ಕೋರು', ಅಂದರೆ ವಿನಯದಿಂದ ಕೇಳು. ಕಿವಿಗೆ ಬೀಳುವುದು ಮಾತ್ರ ಲಂಚಕೋರ, ದಂಗೆಕೋರ, ಜಗಳಕೋರರ ಸಾಲಿನ 'ಕೋರ'. ಅದು ಫಾರಸಿಯ 'ಖೋರ್', ತಿನ್ನುವವನು. ಹೀಗಾಗಿ ಆಶ್ರಯವನ್ನು ಬೇಡುವವನು ಅಚ್ಚಿಗೆ ಹೋಗುವಷ್ಟರಲ್ಲಿ ಆಶ್ರಯವನ್ನು ನುಂಗುವವನಾಗಿಬಿಡುತ್ತಾನೆ. ಪತ್ರಿಕೆಗಳ 'ನುಸುಳುಕೋರ' ಪಕ್ಕದಲ್ಲೇ ಕುಳಿತಿರುವಾಗ ಈ ಗೊಂದಲ ಸಣ್ಣದೇನಲ್ಲ.

'ಆಶ್ರಯ ಕೇಳಿ ಬಂದವರು' ಎಂದು ಬಿಡಿಸಿ ಬರೆದರಾಯಿತಲ್ಲ ಎನ್ನಬಹುದು. ಹಾಗೆಂದರೆ ಯಾರು ಎಂದು ಮಂಡಕ್ಕಿ ಅಂಗಡಿಯವರನ್ನು ಕೇಳಿ ನೋಡಿದೆ. "ಯಾವ ವಾರ್ಡಿನವರು?" ಎಂದರು. ಅವರ ತಪ್ಪಿಲ್ಲ. ತೊಂಬತ್ತರ ದಶಕದಲ್ಲಿ ಆಶ್ರಯ ಯೋಜನೆ ಬಂದ ಮೇಲೆ ನಮ್ಮ ಊರುಗಳಲ್ಲಿ ಆಶ್ರಯ ಎಂದರೆ ಸರ್ಕಾರಿ ಮನೆ, ಆಶ್ರಯಕ್ಕೆ ಅರ್ಜಿ ಎಂದರೆ ಪಾಲಿಕೆಯ ಮುಂದಿನ ಸಾಲು.

ಇನ್ನು 'ರೆಫ್ಯೂಜಿ'ಗೆ ವಾಡಿಕೆಯಲ್ಲಿರುವ 'ನಿರಾಶ್ರಿತ'. ದಾವಣಗೆರೆಯಿಂದ ತುರ್ಚಘಟ್ಟಕ್ಕೆ ಹೋದರೆ ಅಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರವಿದೆ. ಅಲ್ಲಿರುವವರು ಯುದ್ಧದಿಂದ ತಪ್ಪಿಸಿಕೊಂಡು ಬಂದವರಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಕೆಳಗೆ ಕರೆತಂದವರು. ಭಿಕ್ಷುಕರು ಎನ್ನಲು ಸಂಕೋಚವಾಗಿ ಈ ಪದ ತಂದಿರಬೇಕು. ಹೊಳೆ ಉಕ್ಕಿ ಮನೆ ಕಳೆದುಕೊಂಡವರೂ ನಿರಾಶ್ರಿತರೇ, ದೇಶ ವಿಭಜನೆಯಲ್ಲಿ ಗಡಿ ದಾಟಿದವರೂ ನಿರಾಶ್ರಿತರೇ.

ಆದರೆ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆ ನಿರಾಶ್ರಿತ ಯಾರು ಎಂದು ಹೇಳುವಾಗ ಸೂರಿನ ಮಾತನ್ನೇ ಎತ್ತುವುದಿಲ್ಲ. ಅದು ಕೇಳುವುದು ಭಯವನ್ನು. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳಕ್ಕೆ ಒಳಗಾಗುವ ಭಯ, ಅದಕ್ಕೆ ಆಧಾರವೂ ಇರಬೇಕು. ತನ್ನ ಊರಿನಲ್ಲಿ ಎರಡಂತಸ್ತಿನ ಮನೆಯಿದ್ದವನೂ ಇದರ ಒಳಗೆ ಬರಬಹುದು. ಮನೆ ಕೊಚ್ಚಿಹೋದ ಮಾತ್ರಕ್ಕೆ ಯಾರೂ ಬರುವುದಿಲ್ಲ. ವಿಚಿತ್ರವೆಂದರೆ, ಒಬ್ಬನಿಗೆ ಆಶ್ರಯ ಮಂಜೂರಾಯಿತು ಎಂದಿಟ್ಟುಕೊಳ್ಳಿ, ಆಗ ಅವನ ಕೈಗೆ ಸಿಗುವುದು 'ನಿರಾಶ್ರಿತ' ಎಂಬ ಮಾನ್ಯತೆ! ಮುಂಡಗೋಡದ ಟಿಬೆಟನ್ ನೆಲೆ ಶುರುವಾದದ್ದು 1966ರಲ್ಲಿ, ಚಿತ್ರದುರ್ಗದ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ. ಅಲ್ಲಿ ಹುಟ್ಟಿ ಅಲ್ಲೇ ಅಜ್ಜಂದಿರಾಗುತ್ತಿರುವವರನ್ನೂ ನಾವು ನಿರಾಶ್ರಿತರು ಎನ್ನುತ್ತೇವೆ. ನೆಲೆ ಸಿಕ್ಕವರ ಹೆಸರಿನಿಂದ ಆ 'ನಿರ್' ಯಾವಾಗ ಕಳಚಬೇಕು?

ಹಿಂದಿಯವರಿಗೆ ಈ ಕಷ್ಟವಿಲ್ಲ, 'ಶರಣಾರ್ಥಿ' ಎಂದು ಮುಗಿಸಿದ್ದಾರೆ. ಶರಣವನ್ನು, ಅಂದರೆ ರಕ್ಷಣೆಯನ್ನು ಬಯಸುವವನು. ಅರ್ಥ ಅಚ್ಚುಕಟ್ಟು. ನಮ್ಮ ಸೀಮೆಯಲ್ಲಿ ಅದನ್ನು ತಂದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಇಲ್ಲಿ ಶರಣು ಎಂದವರಿಗೆ 'ಶರಣು ಶರಣಾರ್ಥಿ' ಎಂದು ಉತ್ತರಿಸುವುದು ವಾಡಿಕೆ. ಮದುವೆಯ ಕರೆಯೋಲೆಯಲ್ಲಿ 'ಶರಣು ಶರಣಾರ್ಥಿಗಳು' ಎಂದು ಅಚ್ಚಾಗುತ್ತದೆ. ಪೊಲೀಸರ ಮುಂದೆ 'ಶರಣಾದರು' ಎಂಬ ಸುದ್ದಿ ಇನ್ನೊಂದು ಕಡೆ. ನಮಸ್ಕಾರಕ್ಕೂ ಸೋಲೊಪ್ಪುವುದಕ್ಕೂ ಹಂಚಿಹೋದ ಪದದಲ್ಲಿ ಮೂರನೆಯ ಅರ್ಥಕ್ಕೆ ಜಾಗ ಉಳಿದಿದೆಯೇ? ಶಾಸನಗಳ ಕಾಲದಲ್ಲಿ ಉಳಿದಿತ್ತು. 'ಶರಣಾಗತ ವಜ್ರಪಂಜರ' ಎಂದು ಬಿರುದು ಹೊತ್ತವರಿದ್ದರು, ಮರೆಹೊಕ್ಕವನ ಸುತ್ತ ವಜ್ರದ ಪಂಜರದಂತೆ ನಿಲ್ಲುವವನು ಎಂದು.

ನನಗೆ ತುಂಬ ಇಷ್ಟವಾದ ಪದ ಈ 'ಮರೆಹೊಗು'. ಮರೆ ಎಂದರೆ ರಕ್ಷಣೆ ಕೊಡುವ ತಡೆ, ಹೊಗು ಎಂದರೆ ಒಳಸೇರು. ಇದನ್ನು 'ಮೊರೆಹೋಗು' ಎಂಬುದರೊಂದಿಗೆ ಕಲಸುವವರಿದ್ದಾರೆ. ಮೊರೆ ಕೂಗು, ಮರೆ ಆಸರೆ. ನ್ಯಾಯಾಲಯಕ್ಕೆ ಮೊರೆ ಹೋಗುತ್ತೇವೆ, ಕೋಟೆಗೋಡೆಯನ್ನು ಮರೆಹೊಗುತ್ತೇವೆ. ಗಡಿಯಲ್ಲಿ ನಿಂತವನು ಎರಡನ್ನೂ ಒಟ್ಟಿಗೆ ಮಾಡುತ್ತಾನಲ್ಲ ಎಂದು ಹೊಳೆದಾಗ ಖುಷಿಯಾಯಿತು. ಆದರೆ 'ಮರೆಹೊಕ್ಕವರು' ಎಂದರೆ ಆಗಲೇ ಒಳಗೆ ಬಂದವರು. ಇನ್ನೂ ಕೇಳುತ್ತಿರುವವರಿಗೆ ಅದು ಹೊಂದುವುದಿಲ್ಲ.

ಈ 'ಕೇಳುವುದು' ಎಂಬುದರ ಮೇಲೆಯೇ ಇಡೀ ವಿಷಯ ನಿಂತಿದೆ. 1948ರ ಮಾನವ ಹಕ್ಕುಗಳ ಘೋಷಣೆಯ 14ನೆಯ ವಿಧಿಯಲ್ಲಿ ಕಿರುಕುಳದಿಂದ ಪಾರಾಗಲು ಬೇರೆ ದೇಶಗಳಲ್ಲಿ ಆಶ್ರಯ ಕೋರುವ ಮತ್ತು ಅನುಭವಿಸುವ ಹಕ್ಕಿದೆ. ಕರಡಿನಲ್ಲಿ 'ಕೊಡಲ್ಪಡುವ' ಹಕ್ಕು ಎಂದೂ ಇತ್ತು, ಚರ್ಚೆಯಲ್ಲಿ ಅದನ್ನು ತೆಗೆದುಹಾಕಿದರು. ವಿದ್ಯಾರ್ಥಿಗಳು 'ಆಶ್ರಯ ಪಡೆಯುವ ಹಕ್ಕು' ಎಂದು ಬರೆದಿದ್ದನ್ನು ಆ ಕಾರಣಕ್ಕೆ ಹೊಡೆದುಹಾಕಿದೆ. ಘೋಷಣೆ ಕೊಡದಿದ್ದನ್ನು ಅನುವಾದ ಕೊಡಬಾರದು. 'ಅನುಭವಿಸುವ' ಎಂಬುದಕ್ಕೆ ಒಬ್ಬಳು ತಕರಾರು ತೆಗೆದಳು: "ಅನುಭವಿಸಲಿ ಬಿಡಿ ಎಂದು ಶಾಪ ಹಾಕುತ್ತೇವಲ್ಲ ಮೇಡಂ." ಹೌದು, ಆದರೆ ಜಮೀನಿನ ಪತ್ರಗಳಲ್ಲಿ 'ಸ್ವಾಧೀನಾನುಭವ' ಇನ್ನೂ ಬದುಕಿದೆ. ಆ ಧೈರ್ಯದ ಮೇಲೆ ಉಳಿಸಿಕೊಂಡಿದ್ದೇನೆ.

ಎರಡನೆಯ ಪ್ರಶ್ನೆ 'ಸುರಕ್ಷಿತ ಮಾರ್ಗ'ದ್ದು, ಅಂದರೆ ಆಶ್ರಯ ಕೋರುವವರು ಜೀವ ಪಣಕ್ಕಿಡದೆ, ಕಾನೂನಿನ ಪ್ರಕಾರವೇ ಬಂದು ಸೇರುವ ದಾರಿಯದ್ದು. ಅದನ್ನು ಓದಿದರೆ ಹೆದ್ದಾರಿ ಇಲಾಖೆಯ ಫಲಕ ನೆನಪಾಗುತ್ತದೆ. ಅಸಲಿಗೆ ಇಲ್ಲಿ ಕೊರತೆಯಿರುವುದು ರಸ್ತೆಗಲ್ಲ, ಅನುಮತಿಗೆ. ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿ ಆಶ್ರಯ ಕೋರಬೇಕಾದರೆ ಆ ನೆಲದ ಮೇಲೆ ನಿಂತೇ ಕೋರಬೇಕು. ಹಾಗೆ ಕೋರಲು ಬರುತ್ತೇನೆ ಎಂದರೆ ಕೊಡುವ ವೀಸಾ ಇಲ್ಲ. ವೀಸಾ ಇಲ್ಲದವನನ್ನು ಹತ್ತಿಸಿಕೊಂಡ ವಿಮಾನ ಕಂಪನಿಗೆ ದಂಡ. ಟಿಕೆಟಿಗೆ ದುಡ್ಡಿದ್ದವನೂ ಅದಕ್ಕಿಂತ ಹೆಚ್ಚು ತೆತ್ತು ರಬ್ಬರ್ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟುವುದು ಇದರಿಂದ. ಉಕ್ರೇನಿನವರಿಗೆ 2022ರಲ್ಲಿ ಬೇರೆ ಬಾಗಿಲು ತೆರೆದರು, ಅವರು ದೋಣಿ ಹತ್ತಬೇಕಾಗಲಿಲ್ಲ. ಮೊದಲು ಓಡಿಬಂದು ಸೇರಿದ ದೇಶದಿಂದ ಮೂರನೆಯ ದೇಶಕ್ಕೆ ಕರೆದೊಯ್ದು ನೆಲೆಗೊಳಿಸುವ ವ್ಯವಸ್ಥೆ ಒಂದಿದೆಯಾದರೂ, ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗೂ ಅದು ದಕ್ಕುವುದಿಲ್ಲ.

ಹೀಗಾಗಿ ನನಗೆ ತೋಚಿದ್ದು 'ರಹದಾರಿ'. ಸಾರಿಗೆ ಕಚೇರಿಯಲ್ಲಿ ವಾಹನದ ಪರ್ಮಿಟ್ಟಿಗೆ ಇವತ್ತಿಗೂ ಈ ಪದವಿದೆ, ಪಾಸ್‌ಪೋರ್ಟಿಗೂ ಹಿಂದೆ ಬಳಸುತ್ತಿದ್ದರು. ಫಾರಸಿಯಲ್ಲಿ 'ರಾಹ್' ಎಂಬುದೇ ದಾರಿ. ಆದರೆ ಕನ್ನಡದ ಕಿವಿಗೆ ಬಾಲದಲ್ಲಿ 'ದಾರಿ' ಕೇಳಿಸುತ್ತದೆ. ದಾರಿಯೂ ಅನುಮತಿಯೂ ಒಂದೇ ಪದದಲ್ಲಿ ಸಿಗುತ್ತವೆ. 'ರಕ್ಷಣೆಯ ರಹದಾರಿ' ಎಂದರೆ ಹೇಗೆ? ವಿದ್ಯಾರ್ಥಿಗಳು ನಕ್ಕರು, ಲಾರಿ ನೆನಪಾಗುತ್ತದಂತೆ.

'ನುಸುಳುಕೋರ' ಎಂಬುದನ್ನು ಹೊತ್ತಗೆಯಿಂದ ಪೂರ್ತಿ ಕೈಬಿಡಿಸಿದ್ದೇನೆ. ಜೀವಭಯದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದವರನ್ನು ಅಕ್ರಮ ಪ್ರವೇಶಕ್ಕಾಗಿ ದಂಡಿಸಬಾರದೆಂದು ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ, ಅದು ಬೇರೆ ಮಾತು. ನನ್ನ ತವರು ಚಿತ್ರದುರ್ಗ. ಕಿಂಡಿಯಲ್ಲಿ ನುಸುಳಿ ಬರುವವನು ಹೈದರಾಲಿಯ ಸೈನಿಕ ಎಂದೇ ಕಥೆ ಕೇಳಿ ಬೆಳೆದವರು ನಾವು. 'ನುಸುಳು' ಎಂದರೆ ಸಾಕು, ಕೈ ಒನಕೆ ಹುಡುಕುತ್ತದೆ.

ಸದ್ಯಕ್ಕೆ ವಿದ್ಯಾರ್ಥಿ, ಅಭ್ಯರ್ಥಿಗಳ ಜಾಡಿನಲ್ಲಿ 'ಆಶ್ರಯಾರ್ಥಿ' ಎಂದು ತಿದ್ದಿದ್ದೇನೆ. ವಾರ್ಡಿನ ಮನೆ ಇದರಲ್ಲೂ ಇಣುಕುತ್ತದೆ, ಆದರೆ ಕೇಳುವವನಿಗೆ ಒಂದು ಘನತೆಯಾದರೂ ಇದೆ. ಇದನ್ನು ಮೊದಲೇ ಯಾರಾದರೂ ಈ ಅರ್ಥದಲ್ಲಿ ಬಳಸಿದ್ದು ನಿಮ್ಮ ಕಣ್ಣಿಗೆ ಬಿದ್ದಿದೆಯೇ? ಹೆಣ್ಣುಮಕ್ಕಳಿಗೆ ವಿದ್ಯಾರ್ಥಿನಿಯಂತೆ 'ಆಶ್ರಯಾರ್ಥಿನಿ' ಬೇಕೇ, ಅಭ್ಯರ್ಥಿಯಂತೆ ಒಂದೇ ರೂಪ ಸಾಕೇ? ಸಾರಿಗೆ ಕಚೇರಿಯ ಹೊರಗೆ 'ರಹದಾರಿ' ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ. ಮುಂದಿನ ಸೋಮವಾರ ಅಚ್ಚಿಗೆ ಕೊಡಬೇಕಂತೆ.